ಜೈಲ್ ಪಿಚ್ಚರಿಗೆ ಅಪ್ಪ ಹಾಡಿದ ವರ್ಷ

ಹೋದ ತಿಂಗಳು ನಮ್ಮ ಗಾರ್ಮೆಂಟ್ ಕಾರ್ಖಾನೆಯವರು ನನ್ನನ್ನು ಊರಾಚೆಯ ಒಂದು ಹೊಸ ಗೋದಾಮಿಗೆ ಕಳಿಸಿದ್ದರು. ಹೊರಗಿನಿಂದ ಬಂದ ಬಟ್ಟೆಯ ರೋಲುಗಳನ್ನು ಬಿಚ್ಚಿಸಿ ಕಲೆ ಇದೆಯೇ, ಎಳೆ ತಪ್ಪಿದೆಯೇ ನೋಡುವುದು ನನ್ನ ಕೆಲಸ. ಆಟೋ ಇಳಿದಾಗ ಜಾಗದ ಗುರುತು ಸಿಗಲಿಲ್ಲ. ಒಳಗೆ ಗೋಡೆಗಳಿಗೆ ಆಗಷ್ಟೇ ಪ್ಲಾಸ್ಟರ್ ಮಾಡಿದ್ದರು, ಬಾಗಿಲುಗಳಿಗೆ ವಾರ್ನಿಷ್ ಹೊಡೆಯುತ್ತಿದ್ದರು. ಎರಡೂ ಸೇರಿದ ವಾಸನೆ ಮೂಗಿಗೆ ಬಡಿದ ಮೇಲೆ ಗೊತ್ತಾಯಿತು, ಇದು ಹಳೇ ನೂಲಿನ ಗಿರಣಿಯನ್ನು ಕೆಡವಿದ ಜಾಗ. ಐದು ವರ್ಷದ ಹಿಂದೆ ಇದೇ ವಾಸನೆಯ ನಡುವೆ ನಿಂತು, ನಮ್ಮಪ್ಪ ಜೈಲಿನಲ್ಲಿದ್ದ ಸಂಗತಿಯನ್ನು ನಾನು ಮೊದಲ ಸಲ ಕೇಳಿದ್ದೆ.

ಗಿರಣಿ ನಾನು ಸ್ಕೂಲಿನಲ್ಲಿದ್ದಾಗಲೇ ಮುಚ್ಚಿತ್ತು. ಎತ್ತರದ ಕಲ್ಲುಗೋಡೆ, ಒಳಗೆ ಉದ್ದಕ್ಕೆ ಖಾಲಿ ಶೆಡ್ಡುಗಳು. ಆ ವರ್ಷ ಶ್ರಾವಣದಲ್ಲಿ ಮಳೆ ಬಿಡುವು ಕೊಟ್ಟಾಗ ಲಾರಿಗಳಲ್ಲಿ ಪ್ಲೈವುಡ್, ಕಬ್ಬಿಣದ ಸರಳು, ಪ್ಲಾಸ್ಟರ್ ಮೂಟೆಗಳು ಬಂದವು. ತಿಂಗಳು ತುಂಬುವುದರೊಳಗೆ ಶೆಡ್ಡಿನ ಒಳಗೊಂದು ಜೈಲು ಎದ್ದಿತು. ಸಿನಿಮಾದವರು. ಕಥೆ ಮಹಾರಾಜರ ಕಾಲದ್ದಂತೆ. ಒಂದು ಜೈಲಿಗೆ ಹೊಸ ಜೈಲರ್ ಬರುತ್ತಾನೆ. ದಿನಾ ದೀಪ ಹಚ್ಚುವ ಹೊತ್ತಿಗೆ ಖಾಲಿ ಕೋಣೆಯೊಂದರಿಂದ ಹಾಡು ಕೇಳಿಸುತ್ತದೆ. ಅಲ್ಲಿದ್ದ ಕೈದಿಯನ್ನು ನೇಣಿಗೆ ಹಾಕಿ ಆಗಲೇ ವರ್ಷವಾಗಿರುತ್ತದೆ. ಚಿತ್ರಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ. ನಮ್ಮ ದೊಡ್ಡಬಳ್ಳಾಪುರದಲ್ಲಿ ಎಲ್ಲರೂ ಅದನ್ನು ‘ಜೈಲ್ ಪಿಚ್ಚರ್’ ಅನ್ನುತ್ತಿದ್ದರು.

ನಮ್ಮದು ನೇಕಾರರ ಬೀದಿ. ಮುಂದಿನ ಕೋಣೆಯಲ್ಲಿ ನನ್ನ ಯಜಮಾನರು ರಮೇಶ್ ನಾಲ್ಕು ಪವರ್‌ಲೂಮ್ ಓಡಿಸುತ್ತಾರೆ. ಹಿಂದಿನ ಕೋಣೆ ಅಪ್ಪನದು. ನಾನೊಬ್ಬಳೇ ಮಗಳು, ಹಾಗಾಗಿ ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಬಂದ. ಹೆಸರು ಮುನಿಶಾಮಪ್ಪ. ಕಸುಬು ನೇಯ್ಗೆಯಾದರೂ ಸುತ್ತಿನ ಹಳ್ಳಿಗಳಿಗೆ ಆತ ‘ಡ್ರಾಮಾ ಮೇಷ್ಟ್ರು’. ದೊಡ್ಡಬೆಳವಂಗಲದಿಂದ ತ್ಯಾಮಗೊಂಡ್ಲುವರೆಗೆ ಪೌರಾಣಿಕ ನಾಟಕ ಆಡುವ ತಂಡಗಳಿಗೆಲ್ಲ ಹಾಡು, ಮಾತು ಕಲಿಸಿದವನು. ಎಪ್ಪತ್ತಾರು ದಾಟಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆದರೂ ಕಾಲಲ್ಲಿ ತಿದಿ ಒತ್ತಿ ನುಡಿಸುವ ತನ್ನ ಕಾಲು ಹಾರ್ಮೋನಿಯಂ ಮುಂದೆ ಬಂದರೆ ಬೆರಳು ತಪ್ಪುತ್ತಿರಲಿಲ್ಲ. ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ, "ವಯಸ್ಸಿನಲ್ಲಿ ಒಂದೂವರೆ ವರ್ಷ ಒಂದು ಕಂಪನೀಲಿದ್ದೆ" ಅನ್ನುತ್ತಿದ್ದ. ನಾವೂ ನಾಟಕದ ಕಂಪನಿ ಎಂದೇ ತಿಳಿದಿದ್ದೆವು.

ಆ ಚಿತ್ರದ ಸಂಗೀತ ನಿರ್ದೇಶಕ ಅನಿರುದ್ಧ ಎಂಬ ಮೂವತ್ತರ ಹುಡುಗ. ಹಳೇ ಕಂಪನಿ ನಾಟಕದ ಹಾಡು ಬಲ್ಲವರನ್ನು ಹುಡುಕುತ್ತ ಒಂದು ಭಾನುವಾರ ನಮ್ಮ ಮನೆಗೆ ಬಂದ. ಮಗ್ಗಗಳ ಸದ್ದಿನಲ್ಲಿ ಅವನ ಮಾತೇ ಕೇಳಿಸಲಿಲ್ಲ. ರಮೇಶ್ ಬೀದಿಯವರನ್ನೆಲ್ಲ ಕೇಳಿಕೊಂಡು ಒಂದು ಗಂಟೆ ಮಗ್ಗ ನಿಲ್ಲಿಸಿದರು. ನಮ್ಮ ಬೀದಿ ಹಗಲು ಹೊತ್ತಿನಲ್ಲಿ ಅಷ್ಟು ಸುಮ್ಮನಾದದ್ದನ್ನು ನಾನು ಕೇಳಿಯೇ ಇರಲಿಲ್ಲ. ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದು, "ಕರೆಂಟ್ ಹೋಯ್ತೇನಮ್ಮ?" ಎಂದರು.

ಅನಿರುದ್ಧ ತಾನು ಮಾಡಿದ ರಾಗವನ್ನು ಅಪ್ಪನಿಗೆ ಕೇಳಿಸಿದ. "ತಾತ, ಇದು ಸತ್ತೋನು ಹಾಡೋ ಹಾಡು. ಹೇಗಿದೆ ಹೇಳಿ" ಎಂದ. ಅಪ್ಪ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದ.

"ಚೆನ್ನಾಗೈತೆ ಕಣಪ್ಪ. ಆದ್ರೆ ಇದನ್ನ ಹಾಡ್ತಿರೋನು ಹೊಟ್ಟೆ ತುಂಬಾ ಉಂಡವ್ನೆ."

ಅನಿರುದ್ಧ ನಕ್ಕುಬಿಟ್ಟ. ಬೇಜಾರು ಮಾಡಿಕೊಳ್ಳಲಿಲ್ಲ. ಬ್ಯಾಗಿನಿಂದ ಪುಸ್ತಕ ತೆಗೆದು ಬರೆದುಕೊಳ್ಳಲು ಕೂತ. ಹಿಂದಿನ ಕಾಲದಲ್ಲಿ ಮೈಕ್ ಇರಲಿಲ್ಲವಾದ್ದರಿಂದ ನಾಟಕದವರು ಎಷ್ಟು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದರು, ಕೊನೆಯ ಚಾಪೆಯಲ್ಲಿ ಕೂತವನಿಗೂ ಮಾತು ಕೇಳಿಸಲು ಒತ್ತು ಎಲ್ಲಿ ಕೊಡುತ್ತಿದ್ದರು, ‘ಒನ್ಸ್ ಮೋರ್’ ಬಂದರೆ ಸತ್ತ ಪಾತ್ರವೂ ಎದ್ದು ಹೇಗೆ ಇನ್ನೊಂದು ಸಲ ಹಾಡುತ್ತಿತ್ತು, ಎಲ್ಲವನ್ನೂ ಅಪ್ಪ ಹಾಡಿ ತೋರಿಸಿದ. ಬೀದಿಯವರು ಕಿಟಕಿಯಲ್ಲಿ ನಿಂತು ಕೇಳಿದರು. ಕೊನೆಗೆ ಅನಿರುದ್ಧ, "ಇದೆಲ್ಲ ಸ್ಟೇಜ್ ಹಾಡಾಯ್ತು ತಾತ. ಕೈದಿ ತನಗೋಸ್ಕರ ಹಾಡ್ಕೊಳ್ಳೋ ಥರದ್ದು ಏನಾದ್ರೂ ಇದ್ಯಾ?" ಎಂದು ಕೇಳಿದ.

ಅಪ್ಪ ಹಾರ್ಮೋನಿಯಂನ ಮುಚ್ಚಳ ಹಾಕಿದ. "ಒಂದೈತೆ. ಇಲ್ಲಿ ಬೇಡ. ನಿನ್ನ ಜೈಲು ತೋರ್ಸು, ಆಮೇಲೆ ನೋಡೋಣ" ಎಂದ.

ನನಗೆ ರಜೆ ಭಾನುವಾರ ಮಾತ್ರ. ಮುಂದಿನ ಭಾನುವಾರ ಅಪ್ಪನನ್ನು ಕರೆದುಕೊಂಡು ಗಿರಣಿಗೆ ಹೋದೆ. ಬೆಳಿಗ್ಗೆ ಒಂದು ಹದ ಮಳೆಯಾಗಿ ನಿಂತಿತ್ತು. ಶೆಡ್ಡಿನೊಳಗೆ ಉದ್ದನೆಯ ಓಣಿ, ಎರಡೂ ಕಡೆ ಸರಳಿನ ಬಾಗಿಲುಗಳು. ಪ್ಲಾಸ್ಟರಿನ ಗೋಡೆಗೆ ಬಣ್ಣ ಹೊಡೆದು ಕಲ್ಲಿನಂತೆ ಮಾಡಿದ್ದರು. ಮುಟ್ಟಿದರೆ ಬೆರಳಿಗೆ ತೇವ ಹತ್ತುತ್ತಿತ್ತು. ಬಡಗಿಯೊಬ್ಬ ಆಗಷ್ಟೇ ವಾರ್ನಿಷ್ ಹೊಡೆದ ಚೌಕಟ್ಟಿಗೆ ಬಾಗಿಲಿನ ಕೀಲು ಹಾಕುತ್ತಿದ್ದ. ಅನಿರುದ್ಧ ನಮ್ಮನ್ನು ಆ ಸತ್ತ ಕೈದಿಯ ಕೋಣೆಗೆ ಕರೆದೊಯ್ದ.

ಅಪ್ಪ ಒಳಗೆ ಹೋಗಿ, ಕಣ್ಣು ಸರಿಯಾಗಿ ಕಾಣದ್ದಕ್ಕೆ ಕೈಯಲ್ಲೇ ಗೋಡೆ ಸವರುತ್ತ ಒಂದು ಸುತ್ತು ಬಂದ. "ಕಿಟಕಿ ಇಷ್ಟು ಕೆಳಗಿರಲ್ಲಪ್ಪ. ಕೈಗೆಟುಕೋ ಹಂಗೆ ಯಾರಾದ್ರೂ ಇಡ್ತಾರಾ? ಬಾಗಲು ಹೊರಕ್ಕೆ ತೆಗೀಬೇಕು. ಒಳಕ್ಕೆ ತೆಗೆದ್ರೆ ಒಳಗಿರೋನು ಅಡ್ಡ ನಿಂತ್ಕೊಂಡ್ಬಿಡ್ತಾನೆ" ಎಂದ.

ಬಡಗಿ ಸುತ್ತಿಗೆ ಕೆಳಗಿಟ್ಟು, "ಯಾವ ಪಿಚ್ಚರಲ್ಲಿ ನೋಡಿದ್ರಿ ತಾತ?" ಎಂದ.

"ನೋಡಿದ್ದಲ್ಲಪ್ಪ. ಇದ್ದೆ. ಹದಿನಾರು ತಿಂಗಳು."

ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದೆ ಅನ್ನುವಂತೆ ಹೇಳಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅನಿರುದ್ಧ ಏನೋ ಕೇಳಲು ಹೋದ. ನಾನು ಅಪ್ಪನ ಕೈ ಹಿಡಿದು ಹೊರಗೆ ಕರೆತಂದು, ಕಾಂಪೌಂಡಿನ ಹೊಂಗೆ ಮರದ ಕೆಳಗಿನ ಬೆಂಚಿನ ಮೇಲೆ ಕೂರಿಸಿದೆ.

"ಏನಪ್ಪಾ ಇದು?"

"ನಿಮ್ಮಮ್ಮಂಗೆ ಗೊತ್ತಿತ್ತು. ನಿಂಗೆ ಹೇಳೋದು ಬೇಡ ಅಂದಿದ್ಲು."

ಅಲ್ಲಿ ಕೂತು ಅಪ್ಪ ಎಲ್ಲವನ್ನೂ ಹೇಳಿದ. ಮದುವೆಗೆ ಮುಂಚಿನ ಮಾತು. ಬೇರೆ ತಾಲ್ಲೂಕಿನ ಒಂದು ಊರಿಗೆ ನಾಟಕಕ್ಕೆಂದು ಹೋಗಿದ್ದ. ಪಾತ್ರ ಯಾರಿಗೆಂಬ ವಿಷಯಕ್ಕೆ ಎರಡು ಗುಂಪಿಗೆ ಜಗಳ ಬಿತ್ತು. ಒಬ್ಬನ ತಲೆಗೆ ದೊಣ್ಣೆಯೇಟು ಬಿದ್ದು ಪ್ರಾಣ ಹೋಯಿತು. ಅಪ್ಪ ಹೊಡೆದಿರಲಿಲ್ಲ, ಆದರೆ ಅಲ್ಲಿದ್ದ. ಆರು ಜನರ ಜೊತೆ ಅವನನ್ನೂ ಹಿಡಿದುಕೊಂಡು ಹೋದರು. ವಿಚಾರಣೆ ಮುಗಿದು ಕೋರ್ಟು ಬಿಡುಗಡೆ ಮಾಡುವ ಹೊತ್ತಿಗೆ ಹದಿನಾರು ತಿಂಗಳಾಗಿತ್ತು.

"ನೇಯೋಕೆ ಬರುತ್ತೆ ಅಂತ ನನ್ನ ಜೈಲಿನ ಮಗ್ಗದ ಶೆಡ್ಡಿಗೆ ಹಾಕಿದ್ರು. ಅಲ್ಲಿ ಜಮಖಾನ ನೇಯ್ತಿದ್ರು. ಪಕ್ಕದ ಮಗ್ಗದಲ್ಲಿ ಗೋವಿಂದಾಚಾರ್ರು. ಜೀವಾವಧಿ. ವಯಸ್ಸಲ್ಲಿ ನಾಟಕದ ಕಂಪನೀಲಿದ್ದೋರು. ಹೆಣ್ಣುಪಾತ್ರ ಹಾಕೋರಂತೆ. ಹೆಂಡ್ತಿ ಅಣ್ಣನ್ನ ಕೊಂದಿದ್ರು. ನಿಜವಾಗ್ಲೂ ಮಾಡಿದ್ರಾ ಅಂತ ಕೇಳ್ದೆ. ಹೂಂ, ಮಾಡ್ದೆ ಅಂದ್ರು."

ನಾಟಕದ ಹಾಡುಗಳನ್ನೆಲ್ಲ ಅಪ್ಪನಿಗೆ ಕಲಿಸಿದವರು ಅವರೇ. ಜೈಲಿನಲ್ಲಿ ಹಾರ್ಮೋನಿಯಂ ಎಲ್ಲಿಂದ ಬರಬೇಕು? ಆಚಾರ್ರು ಮಗ್ಗದ ಹಲಗೆಯ ಮೇಲೆ ಇದ್ದಿಲಿನಿಂದ ಸ್ವರದ ಮನೆಗಳನ್ನು ಬರೆದು, ಕರಿಮನೆ ಬಿಳಿಮನೆ ಗುರುತು ಮಾಡಿ, ಅಪ್ಪನ ಬೆರಳುಗಳನ್ನು ಅದರ ಮೇಲೆ ಇಡಿಸುತ್ತಿದ್ದರಂತೆ. ಅಪ್ಪ ಒತ್ತಿದರೆ ಆ ಸ್ವರವನ್ನು ಆಚಾರ್ರು ಬಾಯಲ್ಲಿ ಹಾಡುತ್ತಿದ್ದರು. ತಪ್ಪು ಮನೆ ಒತ್ತಿದರೆ ತಪ್ಪು ಸ್ವರವನ್ನೇ ಹಾಡಿ ಬೈಯುತ್ತಿದ್ದರು. ಬಿಡುಗಡೆಯಾಗಿ ಬಂದು ಮೊದಲ ಸಲ ನಿಜವಾದ ಹಾರ್ಮೋನಿಯಂ ಮುಟ್ಟಿದಾಗ ಕೈ ತಾನಾಗಿಯೇ ಓಡಿತು ಎಂದು ಹೇಳುತ್ತ ಅಪ್ಪ ತನ್ನ ಬೆರಳುಗಳನ್ನು ತೊಡೆಯ ಮೇಲೆ ಆಡಿಸಿದ.

"ಆಮೇಲೆ ಮೂರು ಸಲ ಹೋಗಿ ಆಚಾರ್ರನ್ನ ನೋಡ್ಕೊಂಡ್ ಬಂದೆ. ಮದ್ವೆ ಆಯ್ತು. ನಿಮ್ಮಮ್ಮ ಹೋಗ್ಬೇಡಿ ಅಂದ್ಲು, ಬಿಟ್ಟೆ. ಒಂದು ಕಾಗದ ಹಾಕಿದ್ರು ಕಣಮ್ಮ. ಉತ್ತರ ಬರೀಲಿಲ್ಲ. ಎರಡು ವರ್ಷ ಬಿಟ್ಟು ಹೋದ್ರೆ, ತೀರ್ಕೊಂಡ್ರು ಅಂದ್ರು."

ನನಗೆ ಸಿಟ್ಟು ಬಂದಿತ್ತು. ನಲವತ್ತಾರು ವರ್ಷದ ನನಗೆ ನನ್ನ ಅಪ್ಪನ ಸುದ್ದಿ ಬಡಗಿಯ ಜೊತೆಯಲ್ಲಿ ತಿಳಿಯಬೇಕಿತ್ತೇ? ಮನೆಗೆ ಕರೆದುಕೊಂಡು ಬಂದೆ. ಎರಡು ದಿನ ಊಟ ಬಡಿಸಿದ್ದು ಬಿಟ್ಟರೆ ಸರಿಯಾಗಿ ಮಾತಾಡಲಿಲ್ಲ.

ದಸರೆ ಕಳೆದ ಮೇಲಿನ ಭಾನುವಾರ ಹಾಡನ್ನು ಅದೇ ಶೆಡ್ಡಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಸ್ಟುಡಿಯೋಗಿಂತ ಅಲ್ಲಿಯ ಪ್ರತಿಧ್ವನಿ ಬೇಕು ಎಂದು ಅನಿರುದ್ಧ ಹಟ ಹಿಡಿದಿದ್ದ. ಕೋಣೆಯ ಕಿಟಕಿ ಅಷ್ಟು ಹೊತ್ತಿಗೆ ಮೇಲೆ ಹೋಗಿತ್ತು, ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಮೈಕುಗಳನ್ನು ಓಣಿಯ ಆ ತುದಿಯಲ್ಲಿ ಇಟ್ಟಿದ್ದರು. ನಾಟಕದಂತೆ ಎತ್ತರಿಸಿ ಹಾಡಲಿ, ಓಣಿಯೆಲ್ಲ ತುಂಬಲಿ ಎಂಬುದು ಅವನ ಲೆಕ್ಕ.

ಅಪ್ಪ ಬೇಡವೆಂದ. "ಜೈಲಲ್ಲಿ ಹಾಡೋನು ಜೋರಾಗಿ ಹಾಡಲ್ಲ ಕಣಪ್ಪ. ವಾರ್ಡರಿಗೆ ಕೇಳ್ಬಾರ್ದು, ಪಕ್ಕದೋನಿಗೆ ಕೇಳ್ಬೇಕು. ಅಷ್ಟೇ ದನಿ."

ಮೈಕನ್ನು ತಂದು ಪಕ್ಕದ ಕೋಣೆಯ ಗೋಡೆಗೆ ಒರಗಿಸಿಟ್ಟರು. ಹಾರ್ಮೋನಿಯಂ ಕೂಡ ಬೇಡವೆಂದು ಅಪ್ಪ ಗೋಡೆ ಕಡೆ ಮುಖ ಮಾಡಿ ನೆಲದ ಮೇಲೆ ಕೂತ. ಆಚಾರ್ರು ತಾವೇ ಕಟ್ಟಿದ್ದ ಹಾಡು ಅದು. ಅಪ್ಪ ಅದನ್ನು ಯಾವ ನಾಟಕದ ತಂಡಕ್ಕೂ ಕಲಿಸಿರಲಿಲ್ಲ, ಮನೆಯಲ್ಲಿ ಗುನುಗಿದ್ದೂ ನನಗೆ ನೆನಪಿಲ್ಲ.

"ಸಂಜೆಯಾಯಿತು, ಯಾರ ಮನೆಯ ದೀಪ ಹಚ್ಚಿದರೋ
ಮರಳಿ ಬಾರೆಂದವಳು ಇನ್ನೂ ಕದವ ಮುಚ್ಚಿಲ್ಲವೋ"

ಎರಡೇ ಸಾಲು, ಅದನ್ನೇ ಬೇರೆಬೇರೆ ಸ್ವರಗಳಲ್ಲಿ ತಿರುಗಿಸಿ ತಿರುಗಿಸಿ ಹಾಡುವುದು. ‘ಇನ್ನೂ’ ಎಂಬಲ್ಲಿ ದನಿ ಮೇಲೇರಬೇಕಾದ ಕಡೆ ಏರದೆ ಹಾಗೇ ಕೆಳಗಿಳಿಯುತ್ತಿತ್ತು. ಮೇಲೇರಿದರೆ ಕೇಳಿಸಿಬಿಡುತ್ತದಲ್ಲ, ಅದಕ್ಕೆ. ಐದಾರು ನಿಮಿಷ ಹಾಡಿದ. ಮುಗಿದ ಮೇಲೂ ಅನಿರುದ್ಧ ಕಿವಿಯ ಹೆಡ್‌ಫೋನ್ ತೆಗೆಯಲಿಲ್ಲ. ಅಪ್ಪ ಎದ್ದು ಪಂಚೆ ಕೊಡವಿಕೊಂಡು, "ಸಾಕೇನಪ್ಪ? ಇನ್ನೊಂದ್ ಸಲ ಬೇಕಾ?" ಎಂದು ಕೇಳಿದ. ಅನಿರುದ್ಧ ಬೇಡವೆಂದ.

ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಆದರೆ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಹಾಡು ಯಾರದು ಎಂದು ಅನಿರುದ್ಧ ಕೇಳಿದ. ಅಪ್ಪ ಗೋವಿಂದಾಚಾರ್ರ ಹೆಸರು ಹೇಳಿದ, ಎಲ್ಲಿ ಕಲಿತದ್ದೆಂದೂ ಹೇಳಿದ. "ತೆರೆ ಮೇಲೆ ಅವರ ಹೆಸರು ಬರ್ಬೇಕು. ನನ್ನ ಹೆಸರು ಬರದೇ ಇದ್ರೂ ಪರವಾಗಿಲ್ಲ" ಎಂದ. ಅನಿರುದ್ಧ ಖುಷಿಯಿಂದ ಒಪ್ಪಿ, ಒಪ್ಪಿಗೆ ಪತ್ರ ತುಂಬಿ ಕಳಿಸಿ ಎಂದು ನನ್ನ ಕೈಗೆ ಕೊಟ್ಟ. ಹೊರಡುವಾಗ, "ಅಕ್ಕ, ರಿಲೀಸ್ ಟೈಮಲ್ಲಿ ತಾತಂದು ಒಂದು ಇಂಟರ್‌ವ್ಯೂ ಮಾಡ್ಸೋಣ. ನಿಜವಾದ ಜೈಲಲ್ಲಿ ಹುಟ್ಟಿದ ಹಾಡು ಅಂದ್ರೆ ಜನಕ್ಕೆ ಬೇರೇನೇ ಅನ್ಸುತ್ತೆ" ಎಂದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಅದೇ ವಾರ ನನ್ನ ಮಗಳು ಚೈತ್ರಳ ಮದುವೆ ಗೊತ್ತಾಗಿತ್ತು. ಗಂಡಿನವರು ಕುಂದಾಣದ ಕಡೆಯವರು, ಬೇಸಾಯದ ಮನೆ. ಹುಡುಗನಿಗೆ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಕೆಲಸ. ಹುಡುಗನ ತಾಯಿ ಜಯಮ್ಮ ಒಳ್ಳೆಯ ಹೆಂಗಸು, ಆದರೆ ಮನೆತನ ಎಂದರೆ ಬಹಳ ನೋಡುವವರು. ನಮ್ಮ ಕಡೆ ಮೂರು ಮನೆಯಲ್ಲಿ ವಿಚಾರಿಸಿದ ಮೇಲೆಯೇ ಹೂ ಮುಡಿಸಲು ಬಂದಿದ್ದರು. ಮೂರೂ ಮನೆಯವರು ಮೇಷ್ಟ್ರ ಮೊಮ್ಮಗಳು ಎಂದರೆ ಕಣ್ಣು ಮುಚ್ಚಿಕೊಂಡು ತರಬಹುದು ಎಂದಿದ್ದರಂತೆ. ಟೀವಿಯಲ್ಲಿ ಮೇಷ್ಟ್ರೇ ಕೂತು ಜೈಲಿನ ಕಥೆ ಹೇಳಿದರೆ ಏನಾದೀತೆಂದು ಯೋಚಿಸಿ ಅಪ್ಪನ ಕೋಣೆಗೆ ಹೋದೆ.

"ಅಪ್ಪ, ಚೈತ್ರನ ಮದುವೆ ಒಂದು ಮುಗೀಲಿ. ಅಲ್ಲೀವರ್ಗೂ ಜೈಲಿನ ಮಾತು ಬೇಡ" ಎಂದೆ.

"ನೀನು ಹುಟ್ಟೋ ಮುಂಚೆ ನಿಮ್ಮಮ್ಮ ಮಗು ಆಗ್ಲಿ ಅಂದ್ಲು. ಆಮೇಲೆ ನಿನ್ನ ಮದ್ವೆ ಮುಗೀಲಿ ಅಂದ್ಲು. ಎಲ್ಲಾ ಮುಗೀತಲ್ಲಮ್ಮ. ಇಂಟರ್‌ವ್ಯೂ ಗಿಂಟರ್‌ವ್ಯೂ ನನಗ್ಯಾಕೆ? ಬೇಡ ಅಂದ್ಬಿಡು. ಹೆಸರು ಮಾತ್ರ ಬರಿ. ಬರೀ ಹೆಸರು. ಅದ್ರಿಂದ ಯಾರಿಗೇನು ಗೊತ್ತಾಗುತ್ತೆ?" ಎಂದ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನನಗೆ ಧೈರ್ಯ ಬರಲಿಲ್ಲ. ಹೆಸರು ಬಂದರೆ ಯಾರವರು ಎಂಬ ಪ್ರಶ್ನೆ ಬರುತ್ತದೆ, ಅದರ ಹಿಂದೆ ಮಿಕ್ಕಿದ್ದೆಲ್ಲ ಬರುತ್ತದೆ ಎನ್ನಿಸಿತು. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು ‘ಹಾಡಿನ ಮೂಲ’ ಎಂಬ ಸಾಲಿನ ಮುಂದೆ ‘ಸಾಂಪ್ರದಾಯಿಕ’ ಎಂದು ಬರೆದೆ. ಅಪ್ಪನ ಬಳಿ ತೆಗೆದುಕೊಂಡು ಹೋಗಿ ರುಜು ಹಾಕುವ ಜಾಗದಲ್ಲಿ ಅವನ ಬೆರಳು ಇಡಿಸಿದೆ.

"ಬರ್ದಿದ್ದೀಯೇನಮ್ಮ?"

"ಬರ್ದಿದ್ದೀನಿ."

ಅಪ್ಪ ಪೆನ್ನನ್ನು ಒತ್ತಿ, ನಿಧಾನವಾಗಿ, ಪೂರ್ತಿ ಹೆಸರು ಬರೆದು ರುಜು ಮಾಡಿದ. ಸಾವಿರಾರು ಮೀಟರ್ ಬಟ್ಟೆಯಲ್ಲಿ ತಪ್ಪು ಹುಡುಕುವ ನಾನು ನನ್ನ ಕೈಯಾರೆ ಮಾಡಿದ ಈ ತಪ್ಪನ್ನು ಮಡಿಸಿ ಲಕೋಟೆಗೆ ಹಾಕಿದೆ. ಅನಿರುದ್ಧನಿಗೆ ಫೋನ್ ಮಾಡಿ, ತಾತನಿಗೆ ಆ ಹೆಸರು ಬೇಡವಂತೆ, ಇಂಟರ್‌ವ್ಯೂನೂ ಬೇಡವಂತೆ ಎಂದು ಹೇಳಿದೆ. ಅವನಿಗೆ ಆಶ್ಚರ್ಯವಾಯಿತು. ಎರಡು ಸಲ "ನಿಜವಾಗ್ಲೂ?" ಎಂದು ಕೇಳಿದ. ಆಮೇಲೆ ಬಿಟ್ಟ.

ಮಾಘದಲ್ಲಿ ಮದುವೆ ಚೆನ್ನಾಗಿಯೇ ಆಯಿತು. ಅದಾಗಿ ಹದಿನೈದು ದಿನಕ್ಕೆ ಅಪ್ಪನ ಒಂದು ಕಣ್ಣಿಗೆ, ಮತ್ತೆ ತಿಂಗಳಿಗೆ ಇನ್ನೊಂದಕ್ಕೆ ಆಪರೇಷನ್ ಮಾಡಿಸಿದೆವು. ಪೊರೆ ತೆಗೆದ ಮೇಲೆ ಅಪ್ಪನಿಗೆ ಕಂಡದ್ದನ್ನೆಲ್ಲ ಓದುವ ಹುಚ್ಚು ಹತ್ತಿತು. ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಸೀರೆ ಜಾಹೀರಾತು, ಔಷಧಿ ಶೀಶೆಯ ಸಣ್ಣಕ್ಷರ, ಯಾವುದನ್ನೂ ಬಿಡುತ್ತಿರಲಿಲ್ಲ.

ಯುಗಾದಿ ಕಳೆದು ಎರಡು ವಾರಕ್ಕೆ ಚಿತ್ರ ಬಂತು. ದೊಡ್ಡಬಳ್ಳಾಪುರದ ಟಾಕೀಸಿಗೆ ಎಲ್ಲರೂ ಹೋದೆವು. ನಮ್ಮ ಬೀದಿಯವರು, ಚೈತ್ರ, ಅವಳ ಗಂಡ, ಜಯಮ್ಮ. ಮಧ್ಯಾಹ್ನದ ಆಟ. ಹೊರಗೆ ಬಿಸಿಲು, ಒಳಗೆ ಫ್ಯಾನುಗಳ ಸದ್ದು. ಜೈಲರ್ ಲಾಂದ್ರ ಹಿಡಿದು ಓಣಿಯಲ್ಲಿ ಬರುತ್ತಾನೆ, ಖಾಲಿ ಕೋಣೆಯ ಮುಂದೆ ನಿಲ್ಲುತ್ತಾನೆ, ಆಗ ಗೋಡೆಯ ಆಚೆಯಿಂದ ಅಪ್ಪನ ದನಿ. ಅಷ್ಟು ಸಣ್ಣಗಿತ್ತೆಂದರೆ ಕೇಳಿಸಿಕೊಳ್ಳಲು ಟಾಕೀಸಿನ ಜನರೆಲ್ಲ ಮುಂದಕ್ಕೆ ಬಾಗಿದರು. ಶಿಳ್ಳೆ ಹೊಡೆಯುತ್ತಿದ್ದ ಹುಡುಗರೂ ಸುಮ್ಮನಾದರು. ಪಕ್ಕದಲ್ಲಿ ಕೂತಿದ್ದ ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮಪ್ಪಂಗೆ ಈ ದನಿ ಎಲ್ಲಿಂದ ಬಂತು ಸರೋಜಮ್ಮ?" ಎಂದು ಪಿಸುಗುಟ್ಟಿದರು.

ಚಿತ್ರ ಮುಗಿದು ಜನ ಎದ್ದರು. ಅಪ್ಪ ಏಳಲಿಲ್ಲ. ತೆರೆಯ ಮೇಲೆ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ತುಟಿ ಅಲ್ಲಾಡಿಸುತ್ತ ಒಂದೊಂದನ್ನೂ ಓದಿದ. ಅವನ ಹಾಡಿನ ಸಾಲು ಬಂತು. ಮೂಲ ಸಾಂಪ್ರದಾಯಿಕ, ಹಾಡಿದವರು ಮುನಿಶಾಮಪ್ಪ. ಅದೂ ಮೇಲೆ ಹೋಯಿತು. ಕಸ ಗುಡಿಸುವವರು ಒಳಗೆ ಬರುವವರೆಗೂ ಅಪ್ಪ ಕೂತೇ ಇದ್ದ. ಎದ್ದು ಬಾಗಿಲಿನತ್ತ ನಡೆಯುವಾಗ ನನ್ನನ್ನು ಕೇಳಿದ್ದು ಒಂದೇ ಮಾತು.

"ಸಾಂಪ್ರದಾಯಿಕ ಅಂದ್ರೆ ಯಾರೂ ಇಲ್ಲ ಅಂತಾನಾ?"

ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವನ ಕೋಣೆಗೆ ಹೋಗಿ, "ನಾನೇ ಬರ್ದಿದ್ದು ಅಪ್ಪ" ಎಂದೆ.

"ಗೊತ್ತಾಯ್ತು ಕಣಮ್ಮ. ನೀನು ಮಾಡಿದ್ದು ತಪ್ಪು. ನಾನು ಐವತ್ತು ವರ್ಷ ಆ ಹೆಸರು ಎತ್ತದೇ ಇದ್ದಿದ್ದೂ ತಪ್ಪೇ. ಯಾರನ್ನ ಬೈಯ್ಲಿ?"

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ವಾರ ದೊಡ್ಡಬೆಳವಂಗಲದ ನಾಟಕದ ತಂಡದವರು ಅಭ್ಯಾಸ ಶುರುಮಾಡಿಸಿ ಎಂದು ಹಣ್ಣು, ಎಲೆ ಅಡಿಕೆ ಹಿಡಿದು ಬಂದರು. ಅಪ್ಪ ಅವರನ್ನು ಕೂರಿಸಿ ಕಾಫಿ ಕೊಡಿಸಿ, ಈ ಸಲ ಆಗುವುದಿಲ್ಲ ಎಂದುಬಿಟ್ಟ. ಬಲವಂತ ಮಾಡಿದರು. "ಇನ್ನೊಬ್ಬರ ಹಾಡು ಕಣಪ್ಪ ಅವೆಲ್ಲ. ನನ್ನದು ಅಂತ ಇಷ್ಟು ದಿನ ಕಲಿಸ್ದೆ. ಇನ್ನಾಗಲ್ಲ" ಎಂದ. ಅವರಿಗೆ ಅರ್ಥವಾಗಲಿಲ್ಲ. ವಯಸ್ಸಾಯಿತು ಮೇಷ್ಟ್ರಿಗೆ ಎಂದುಕೊಂಡು ಹೋದರು. ಹಾರ್ಮೋನಿಯಂ ಮೇಲೆ ಅಪ್ಪ ಬೆಡ್‌ಶೀಟ್ ಹೊದಿಸಿದ. ಹದಿನೈದು ದಿನವಾದರೂ ಅದನ್ನು ತೆಗೆಯಲಿಲ್ಲ.

ನಾನು ರಜೆ ಹಾಕಿ ಕುಂದಾಣದ ಬಸ್ಸು ಹತ್ತಿದೆ. ರಮೇಶ್ ಬೇಡವೆಂದಿದ್ದರು. ಮದುವೆ ಮುಗಿದಿದೆ, ಚಿತ್ರವೂ ಬಂದುಹೋಯಿತು, ಸುಮ್ಮನೆ ಯಾಕೆ ಕೆದಕುತ್ತೀಯ ಎಂದರು. ಆದರೆ ಅನಿರುದ್ಧನಿಗೆ ಫೋನ್ ಮಾಡುವ ಮೊದಲು ಆ ಮನೆಯವರಿಗೆ ನಾನೇ ಹೇಳಬೇಕಿತ್ತು. ಅವರು ಅದನ್ನು ಬೇರೆಯವರ ಬಾಯಲ್ಲಿ ಕೇಳಬಾರದಿತ್ತು.

ಜಯಮ್ಮ ಜಗುಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಚೈತ್ರ ಒಳಗಿಂದ ನೀರು ತಂದಳು. ಮಗಳ ಎದುರಿಗೇ ಎಲ್ಲವನ್ನೂ ಹೇಳಿದೆ. ಜಗಳ, ಸಾವು, ಹದಿನಾರು ತಿಂಗಳು, ಆಚಾರ್ರು, ನಾನು ಬರೆದ ಸುಳ್ಳು. ಜಯಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕೋರ್ಟೇ ಬಿಟ್ಟಿತು ಅಂದ್ಮೇಲೆ ನಿಮ್ಮಪ್ಪನ ಮೇಲೆ ನಂದೇನಿಲ್ಲ. ಆದ್ರೆ ನಿಮಗೆ ಹೋದ ವರ್ಷವೇ ಗೊತ್ತಿತ್ತಲ್ಲ ಸರೋಜಮ್ಮ. ಹೂ ಮುಡಿಸೋ ದಿನ ನನ್ನ ಪಕ್ಕದಲ್ಲಿ ಕೂತಿದ್ರಿ. ಅವತ್ತು ಹೇಳ್ಬೋದಿತ್ತು."

"ಹೇಳಿದ್ರೆ ಒಪ್ತಿದ್ರಾ?"

"ಗೊತ್ತಿಲ್ಲ. ಒಪ್ತಿರ್ಲಿಲ್ಲವೇನೋ. ಅದನ್ನ ತೀರ್ಮಾನ ಮಾಡೋಳು ನಾನಾಗಿದ್ದೆ. ನೀವಲ್ಲ."

ಊಟ ಮಾಡಿ ಹೋಗಿ ಎಂದರು, ಬಡಿಸಿದವಳು ಚೈತ್ರ. ಬಸ್ ನಿಲ್ದಾಣದವರೆಗೆ ಅವಳೇ ಬಂದಳು. ಬಸ್ಸು ಬಂದಾಗ, "ತಾತಂಗೆ ನಾನು ಫೋನ್ ಮಾಡ್ತೀನಿ. ನಿನ್ನ ಜೊತೆ ಸ್ವಲ್ಪ ದಿನ ಮಾತಾಡಲ್ಲಮ್ಮ" ಎಂದಳು. ಹಾಗೇ ಮಾಡಿದಳು. ಒಂದೂವರೆ ತಿಂಗಳು. ಜಯಮ್ಮ ಆ ವರ್ಷದ ಗೌರಿ ಹಬ್ಬಕ್ಕೆ ನಾವು ಕರೆದರೂ ಬರಲಿಲ್ಲ. ಈಗ ಬರುತ್ತಾರೆ, ಹೋಗುತ್ತಾರೆ, ಮಾತಿನಲ್ಲಿ ಮೊದಲಿನ ಸಲಿಗೆ ಇಲ್ಲ. ಅದು ನನ್ನ ಪಾಲಿಗೆ ಬಂದದ್ದು, ಇರಲಿ.

ಅನಿರುದ್ಧನಿಗೆ ಫೋನ್ ಮಾಡಿ, ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡೆ. ಅವನು ಬೇಸರಪಟ್ಟ, ಆದರೆ ಫೋನ್ ಇಡಲಿಲ್ಲ. ಟಾಕೀಸುಗಳಲ್ಲಿ ಓಡುತ್ತಿರುವುದನ್ನು ತಿದ್ದಲಾಗುವುದಿಲ್ಲ, ಫೋನಿನಲ್ಲಿ ನೋಡಲು ಬಿಡುವ ಪ್ರತಿ ಇನ್ನೂ ತಯಾರಾಗುತ್ತಿದೆ, ಅದರಲ್ಲಿ ಹಾಕಬಹುದು ಎಂದ. "ಆದ್ರೆ ಹೊಸ ಪತ್ರ ಬೇಕು ಅಕ್ಕ. ಈ ಸಲ ತಾತನ ಕೈಯಲ್ಲೇ ಬರ್ಸಿ."

ಎರಡು ದಿನಕ್ಕೆ ಪತ್ರ ಬಂತು. ಭಾನುವಾರ ಮಧ್ಯಾಹ್ನದ ಹೊತ್ತು, ಮಗ್ಗಗಳು ಓಡುತ್ತಿದ್ದವು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಪುಟವನ್ನೂ ಮೊದಲಿನಿಂದ ಕೊನೆಯವರೆಗೆ ಓದಿದ. ನಾನು ಪಕ್ಕದಲ್ಲಿ ಕೂತಿದ್ದೆ, ಪೆನ್ನು ಮುಟ್ಟಲಿಲ್ಲ. ಹಾಡು ಕಟ್ಟಿದವರ ಹೆಸರು ಎಂಬಲ್ಲಿ ‘ಗೋವಿಂದಾಚಾರ್’ ಎಂದು ದಪ್ಪಕ್ಷರದಲ್ಲಿ ಬರೆದ. ಕಲಿತ ಸ್ಥಳ ಎಂಬಲ್ಲಿ ‘ಜೈಲು, ಮಗ್ಗದ ಶೆಡ್ಡು’ ಎಂದು ಬರೆದ. ಅದರ ಕೆಳಗೆ, ಹಾಡು ಕಟ್ಟಿದವರ ಊರು ಎಂದಿತ್ತು. ಅಲ್ಲಿ ಅಪ್ಪನ ಕೈ ನಿಂತಿತು.

"ಯಾವೂರಪ್ಪ ಅವರದು?" ಎಂದೆ.

ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ಕೇಳ್ಲೇ ಇಲ್ಲ ಕಣಮ್ಮ. ಹದಿನಾರು ತಿಂಗಳು ಪಕ್ಕದಲ್ಲಿ ಕೂತಿದ್ದೆ. ಹಾಡೆಲ್ಲ ಕೇಳಿ ಇಸ್ಕೊಂಡೆ. ಊರ್ ಯಾವ್ದು ಅಂತ ಒಂದ್ ದಿನ ಕೇಳ್ಲಿಲ್ಲ."

ಆಮೇಲೆ ಬಗ್ಗಿ ಆ ಸಾಲಿನ ಮುಂದೆ ‘ದೊಡ್ಡಬಳ್ಳಾಪುರ’ ಎಂದು ಬರೆದ. ಕೆಳಗೆ ಪೂರ್ತಿ ಹೆಸರು ಬರೆದು ರುಜು ಹಾಕಿದ.

"ಅಪ್ಪ, ಅದು ಸುಳ್ಳಲ್ವಾ?" ಎಂದೆ.

"ನೀನು ಬರ್ದಿದ್ದಕ್ಕಿಂತ ಕಮ್ಮಿ ಸುಳ್ಳು" ಎಂದು ಪತ್ರವನ್ನು ನನ್ನ ಕೈಗೆ ಕೊಟ್ಟ.